ಯಾರದೋ ಗದ್ದೆಗೆ ನಮ್ಮ ಕಡುಬು

ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನಲ್ಲಿ ಮೀಟಿಂಗ್ ಇತ್ತು. ನಾನಿನ್ನೂ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತಿದ್ದೆ. ಮೊಬೈಲಿನ ಪರದೆಯ ತುಂಬಾ ಕತ್ತಲು. ಅದರ ನಡುವೆ ಒಂದು ದೊಂದಿಯ ಬೆಂಕಿ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

"ಕಾಣ್ತಾ ಇದ್ಯಾ?" ಅಂತ ಅಣ್ಣ ಕೂಗಿದ.

"ಬೆಂಕಿ ಕಾಣ್ತಾ ಇದೆ. ನೀನು ಕಾಣ್ತಿಲ್ಲ."

"ನಾನು ಕಂಡು ಎಂತ ಆಗ್ಬೇಕು? ಬುಟ್ಟಿ ನೋಡು."

ಅಣ್ಣನ ಮಗ ಮೊಬೈಲನ್ನು ಹತ್ತಿರ ಒಯ್ದ. ಕಂಬಳಿ ಕೊಪ್ಪೆ ಹಾಕಿದ ತಲೆಯ ಮೇಲೆ ಕೆಂಪು ಬುಟ್ಟಿ, ಅದರ ಮೇಲೆ ಬಿಳಿ ಚಿತ್ತಾರ. ಎರಡು ಸೆಕೆಂಡು ಕಂಡಿರಬೇಕು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ತುಮರಿಯಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ. ಇಲ್ಲಿ ಮೆಲ್ಬೋರ್ನ್‌ನಲ್ಲಿ ಅಕ್ಟೋಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಮೇಲೆ ನಮಗೂ ಊರಿಗೂ ಐದೂವರೆ ಗಂಟೆ ಅಂತರ. ಅಣ್ಣ ಅಚ್ಚಂಬಲಿ ಬೀರಲು ಹೊರಡುವ ಹೊತ್ತಿಗೆ ಸರಿಯಾಗಿ ನಾನು ಆಫೀಸಿನ ಬಾಗಿಲಲ್ಲಿರುತ್ತೇನೆ. ಹನ್ನೊಂದು ವರ್ಷದಿಂದ ನನ್ನ ಭೂಮಿ ಹುಣ್ಣಿಮೆ ಅಂದರೆ ಇಷ್ಟೇ, ಪಾರ್ಕಿಂಗ್‌ನಲ್ಲಿ ಎರಡು ನಿಮಿಷದ ಬೆಂಕಿ.

ಈ ಹಬ್ಬ ಗೊತ್ತಿಲ್ಲದ ಓದುಗರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಬಯಲುಸೀಮೆಯವರು ಶೀಗಿ ಹುಣ್ಣಿಮೆ ಅನ್ನುತ್ತಾರಲ್ಲ, ಆಶ್ವಯುಜ ಮಾಸದ್ದು, ಅದೇ ನಮ್ಮ ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯ ಭತ್ತ ಹೊಡೆ ಕಟ್ಟಿರುತ್ತದೆ. ತೆನೆ ಇನ್ನೂ ಪೂರ್ತಿ ಹೊರಗೆ ಬಂದಿರುವುದಿಲ್ಲ, ಆದರೆ ಒಳಗೆ ಇದೆ ಅಂತ ದಂಟು ನೋಡಿದರೇ ತಿಳಿಯುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಬಯಕೆ ಊಟ ಹಾಕಬೇಕು. ನಮ್ಮ ದೀವರ ಮನೆಗಳಲ್ಲಿ ದಸರೆ ಮುಗಿಯುವಾಗಲೇ ಬುಟ್ಟಿಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿಯುತ್ತಾರೆ. ಆಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಇದಕ್ಕೆ ನಾವು ಭೂಮಣ್ಣಿ ಬುಟ್ಟಿ ಅನ್ನುವುದು. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಹತ್ತಾರು ಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಅಚ್ಚಂಬಲಿ, ಬಾಳೆ ಎಲೆಯಲ್ಲಿ ಕಟ್ಟಿದ ಸೌತೆಕಾಯಿ ಕಡುಬು, ಹೋಳಿಗೆ, ಅಮಟೆಕಾಯಿ ಹಾಕಿದ ಪದಾರ್ಥ, ಮೊಸರನ್ನ ಎಲ್ಲ ಬೆಳಗಿನೊಳಗೆ ಆಗಬೇಕು. ಕೋಳಿ ಕೂಗುವ ಮೊದಲು ಮನೆಯ ಗಂಡಸು ದೊಂದಿ ಹಿಡಿದು ಗದ್ದೆ ಸುತ್ತ ಅಚ್ಚಂಬಲಿ ಬೀರುತ್ತಾ, ಭೂಮಿತಾಯಿಯನ್ನು ಉಣ್ಣಲು ಕರೆಯುತ್ತಾ ಹೋಗುತ್ತಾನೆ. ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ಭತ್ತದ ಸಸಿಗೆ ಅಮ್ಮನ ಸರ ತೊಡಿಸಿ ಪೂಜೆ ಮಾಡಿ, ಕಾಗೆಗೊಂದು ಎಡೆ ಇಟ್ಟು, ಒಂದು ಕಡುಬನ್ನು ಮಣ್ಣಿನಲ್ಲಿ ಹೂತು, ಅಲ್ಲೇ ಗದ್ದೆ ಅಂಚಿನಲ್ಲಿ ಕೂತು ಊಟ.

ಅಮ್ಮನ ಸರ ಕೆಸರಿಗೆ ಬೀಳದ ಹಾಗೆ ಕಾಯುವುದು ಚಿಕ್ಕವಳಾಗಿದ್ದಾಗ ನನ್ನ ಕೆಲಸ. ಮನೆಯಲ್ಲಿ ಇದ್ದ ಚಿನ್ನವೇ ಅಷ್ಟು. ಅದನ್ನು ಅರ್ಧ ಗಂಟೆ ಭತ್ತ ಹಾಕಿಕೊಂಡಿರುತ್ತಿತ್ತು.

ನಮ್ಮ ಕಡೆ ಹಬ್ಬ ಅಂದರೆ ಇನ್ನೊಂದು ಚಿಂತೆಯೂ ಇತ್ತು, ಲಾಂಚ್. ಸಾಗರದಿಂದ, ಸೊರಬದಿಂದ ಬರುವ ನೆಂಟರು ಕತ್ತಲಾಗುವುದರೊಳಗೆ ಹೊಳೆಬಾಗಿಲು ಮುಟ್ಟಬೇಕು. ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ಉಳಿದರು ಅಂತ ಲೆಕ್ಕ. ಒಂದು ವರ್ಷ ಅತ್ತೆ ಹೋಳಿಗೆಗೆ ಬೇಕಾದ ಬೆಲ್ಲವನ್ನೆಲ್ಲ ಚೀಲದಲ್ಲಿ ಇಟ್ಟುಕೊಂಡು ಅಂಬಾರಗೋಡ್ಲಿನಲ್ಲೇ ರಾತ್ರಿ ಕಳೆದಿದ್ದರು. ಈಚೆ ಅಮ್ಮ, ಆಚೆ ಬೆಲ್ಲ. ಆ ವರ್ಷ ಭೂಮಿತಾಯಿಗೆ ಹೋಳಿಗೆ ಸಿಗಲಿಲ್ಲ. ಎಲ್ಲಿ ಬೆಳೆ ಹೋಗುತ್ತದೋ ಅಂತ ಅಮ್ಮ ಕೊಯ್ಲಿನವರೆಗೂ ಹೆದರಿಕೊಂಡೇ ಇದ್ದಳು. ಬೆಳೆ ಚೆನ್ನಾಗಿಯೇ ಬಂತು, ಆ ಮಾತು ಬೇರೆ.

ಈ ನೀರು ಮೊದಲಿಂದ ಇದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಹೊಳೆಯ ಎರಡೂ ಕಡೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು, 1948ರ ಹೊತ್ತಿಗೆ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಒಂದಿಷ್ಟು ಗದ್ದೆ ನುಂಗಿತ್ತು. ಆಮೇಲೆ ಆ ಅಣೆಕಟ್ಟನ್ನೇ ಲಿಂಗನಮಕ್ಕಿ ನುಂಗಿತು. ಮಳೆ ಕಡಿಮೆಯಾದ ವರ್ಷ ಬೇಸಗೆಯಲ್ಲಿ ನೀರಿಳಿದರೆ ಮಡೆನೂರಿನ ಕಲ್ಲುಕಟ್ಟಡ ಇವತ್ತಿಗೂ ಮೇಲೆದ್ದು ಕಾಣುತ್ತದೆ. ಸಾಗರದ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿದವರಿಗೆ, 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾದಲ್ಲಿ ನೋಡಿದವರಿಗೆ ಈ ಕಥೆ ಹೊಸದಲ್ಲ. ಊರು ಬಿಟ್ಟು ಹೋದವರು ಹೋದರು. ಅವರಲ್ಲಿ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿರುವವರಿದ್ದಾರೆ. ನಮ್ಮಜ್ಜನಂಥ ಕೆಲವರು ನೀರು ಏರಿದ ಹಾಗೆ ಗುಡ್ಡ ಏರಿ ಅಲ್ಲೇ ಉಳಿದರು.

ಗುಡ್ಡದ ಮೇಲೆ ಮನೆ ಕಟ್ಟಬಹುದು, ಗದ್ದೆ ತರಲಿಕ್ಕಾಗುವುದಿಲ್ಲ. ಅಜ್ಜಿಗೆ ಮದುವೆಯಾಗಿ ಬಂದಾಗ ಇದ್ದ ಗದ್ದೆ ನೀರಡಿಗೆ ಹೋಯಿತು. ಹೊಸ ಗದ್ದೆ ಮಾಡಿಕೊಳ್ಳಲು ಅಜ್ಜನಿಗೆ ಆರೇಳು ವರ್ಷ ಹಿಡಿಯಿತು. ಆ ಆರೇಳು ವರ್ಷ ಭೂಮಿ ಹುಣ್ಣಿಮೆ ಏನಾಯಿತು? ಚಿಕ್ಕಂದಿನಲ್ಲಿ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಕಾಲೇಜಿಗೆ ಹೋಗುವಾಗ ಒಂದು ದಿನ ಕೇಳಿದ್ದೆ.

"ಎಂತ ಆಗ್ತದೆ? ಮೇಲಿನ ಮನೆಯವ್ರ ಗದ್ದೆಗೆ ಹೋಗ್ತಿದ್ವಪ" ಅಂದಳು ಅಜ್ಜಿ.

"ಅವ್ರ ಗದ್ದೆಗೆ ಅವ್ರು ಪೂಜೆ ಮಾಡಲ್ವಾ?"

"ಮಾಡ್ತಾರೆ. ಅವ್ರದ್ದು ಆದ್ಮೇಲೆ ನಮ್ದು. ಹಿಂದಿನ ದಿನ ಹೋಗಿ, ನಿಮ್ಮ ಗದ್ದೆಗೆ ನಾವೂ ಒಂದೆಡೆ ಇಡ್ತೀವಿ ಅಂತ ಕೇಳಿ ಬರ್ತಿದ್ದೆ. ಬ್ಯಾಡ ಅನ್ನಲಿಲ್ಲ ಯಾರೂ. ಬಸುರಿಗೆ ಬಡಿಸಕ್ಕೆ ಸ್ವಂತ ಮಗಳೇ ಆಗ್ಬೇಕಾ?"

ಅಜ್ಜಿ ಇದನ್ನು ದೊಡ್ಡ ಮಾತು ಅಂತ ಹೇಳಿದ್ದಲ್ಲ. ಅಡಿಕೆ ಸುಲಿಯುತ್ತಾ ಹೇಳಿದ್ದು. ನಾನೂ ಆಗ ದೊಡ್ಡ ಮಾತು ಅಂತ ಕೇಳಿಸಿಕೊಳ್ಳಲಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ಹಬ್ಬ ಮಾಡಬೇಕು ಅಂತ ಬಹಳ ಆಸೆಯಿತ್ತು. ಅಮ್ಮ ಬಟ್ಟೆಯಲ್ಲಿ ಕೆಮ್ಮಣ್ಣು ಕಟ್ಟಿ, ಜೊತೆಗೆ ಒಂದು ಹಿಡಿ ಭತ್ತ, ನಾಲ್ಕು ಅಮಟೆಕಾಯಿ ಸೂಟ್‌ಕೇಸಿಗೆ ಹಾಕಿದ್ದಳು. ಆಸ್ಟ್ರೇಲಿಯಾದ ನಿಯಮ ಓದಿದ ಮೇಲೆ ಎಲ್ಲ ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟೆ. ಬೀಜ, ಹಸಿ ಕಾಯಿ, ಮಣ್ಣು ಯಾವುದನ್ನೂ ಹೀಗೆ ಗಂಟು ಕಟ್ಟಿ ತರುವಂತಿಲ್ಲ. ರೋಗ, ಕೀಟ ಬರುತ್ತದೆ ಅಂತ ಅವರ ಹೆದರಿಕೆ, ನ್ಯಾಯವಾದದ್ದೇ. ಆದರೆ ಭೂಮಿಯ ಹಬ್ಬಕ್ಕೆ ಬೇಕಾದದ್ದೇ ಮಣ್ಣು, ಬೀಜ, ಕಾಯಿ. ಉಳಿದದ್ದೆಲ್ಲ ಬರಬಹುದಿತ್ತು.

ಇಲ್ಲಿಗೆ ಬಂದ ಮೇಲೆ ಅದಕ್ಕಿಂತ ದೊಡ್ಡ ತೊಡಕು ಕಂಡಿತು. ಭೂಗೋಳದ ಕೆಳಗಿನ ಅರ್ಧದಲ್ಲಿ ಋತುಗಳೇ ತಿರುಗಮುರುಗ. ಊರಲ್ಲಿ ಮಳೆಗಾಲ ಮುಗಿದು ಹೊಡೆ ಕಟ್ಟುವ ಅಕ್ಟೋಬರ್ ಇಲ್ಲಿ ವಸಂತ. ಇಲ್ಲಿ ಭತ್ತ ಬೆಳೆಯುವುದು ಪಕ್ಕದ ನ್ಯೂ ಸೌತ್ ವೇಲ್ಸ್‌ನ ರಿವರೀನಾದಲ್ಲಿ, ಲೀಟನ್, ಗ್ರಿಫಿತ್ ಊರುಗಳ ಸುತ್ತ. ಅಲ್ಲಿ ಅಕ್ಟೋಬರ್ ಎಂದರೆ ಬಿತ್ತನೆ ಶುರುವಾಗುವ ಕಾಲ, ಕೊಯ್ಲು ಮಾರ್ಚ್ ನಂತರ. ಬಸುರೇ ಆಗದವಳಿಗೆ ಸೀಮಂತ ಮಾಡುವುದು ಹೇಗೆ? ದೀಪಾವಳಿಗೆ ದೀಪ ಹಚ್ಚಿದರೆ ಆಯಿತು, ಗಣೇಶನಿಗೆ ಮೋದಕ ಮಾಡಿದರೆ ಆಯಿತು. ಅವೆಲ್ಲ ಸೂಟ್‌ಕೇಸಿನಲ್ಲಿ ಬರುವ ಹಬ್ಬಗಳು. ಇಲ್ಲಿನ ಕನ್ನಡದವರೆಲ್ಲ ಸೇರಿ ಅವನ್ನು ಚೆನ್ನಾಗಿಯೇ ಮಾಡುತ್ತೇವೆ. ಗದ್ದೆಯೇ ದೇವರಾಗಿರುವ ಹಬ್ಬ ಮಾತ್ರ ವಿಮಾನ ಹತ್ತುವುದಿಲ್ಲ ಅಂತ ಕೈಬಿಟ್ಟೆ. ವರ್ಷಕ್ಕೊಂದು ಸಲ ಪಾರ್ಕಿಂಗ್‌ನಲ್ಲಿ ಕೂತು ಬೆಂಕಿ ನೋಡುವುದು, ಒಂದು ವಾರ ಮನಸ್ಸು ಭಾರ ಮಾಡಿಕೊಳ್ಳುವುದು, ಇದೇ ಅಭ್ಯಾಸವಾಯಿತು.

2025ರ ಜುಲೈ 14ಕ್ಕೆ ಸೇತುವೆ ಶುರುವಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ಅರವತ್ತು ವರ್ಷ ಕಾದ ಮೇಲೆ ನಮ್ಮೂರಿಗೆ ಬಂದ ದಾರಿ. ಇನ್ನು ಮುಂದೆ ಹೆರಿಗೆ ನೋವು ಬಂದವರು ಲಾಂಚ್ ಕಾಯಬೇಕಾಗಿಲ್ಲ, ಹಬ್ಬದ ಬೆಲ್ಲ ಆಚೆ ದಡದಲ್ಲಿ ಉಳಿಯುವುದಿಲ್ಲ. ವಿಡಿಯೋ ನೋಡಿ ನಾನು ಅತ್ತೆ. ಅದೇ ಖುಷಿಯಲ್ಲಿ ಅಣ್ಣನಿಗೆ ಫೋನ್ ಮಾಡಿ, "ಮುಂದಿನ ವರ್ಷ ಹುಣ್ಣಿಮೆಗೆ ಬರ್ತೀನಿ, ರಾತ್ರಿ ಎಷ್ಟೊತ್ತಿಗಾದ್ರೂ ಬಂದು ಮುಟ್ಟಬಹುದಲ್ಲ" ಅಂದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬಾ. ಆದ್ರೆ ಗದ್ದೆ ಇರಲ್ಲ" ಅಂದ.

ಜೂನ್‌ನಲ್ಲೇ ಬಸಿಗಾಲುವೆ ತೆಗೆಸಿ ಅಡಿಕೆ ಸಸಿ ಇಟ್ಟಿದ್ದರು. ನನಗೆ ಹೇಳಿರಲಿಲ್ಲ. ಅಜ್ಜ ಆರೇಳು ವರ್ಷ ಒದ್ದಾಡಿ ಮಾಡಿದ ಗದ್ದೆ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಅಜ್ಜ ಇದ್ದಿದ್ದರೆ ಮಾಡ್ತಿದ್ಯಾ, ಹಬ್ಬ ಎಲ್ಲಿ ಮಾಡ್ತೀಯಾ, ಅಮ್ಮನಿಗಾದ್ರೂ ಕೇಳಿದ್ಯಾ, ಬಾಯಿಗೆ ಬಂದದ್ದೆಲ್ಲ ಅಂದೆ.

ಅವನು ಪೂರ್ತಿ ಕೇಳಿಸಿಕೊಂಡ. "ಮುಗೀತಾ?" ಅಂದ. "ನೆಟ್ಟಿಗೆ ಜನ ಸಿಗಲ್ಲ. ಸಿಕ್ಕಿದ್ರೂ ಆ ಕೂಲಿ ಭತ್ತದಲ್ಲಿ ಹುಟ್ಟಲ್ಲ. ಹೋದ ವರ್ಷ ಅರ್ಧ ಗದ್ದೆ ಹಂದಿ ಮಲಗಿಸಿ ಹೋಯ್ತು. ರಾತ್ರಿ ಮಾಳದಲ್ಲಿ ಕೂತು ಕಾಯೋನು ನಾನು ಒಬ್ನೇ. ನೀನು ಬರ್ತೀಯಾ ಕಾಯಕ್ಕೆ? ನಿನಗೆ ವರ್ಷಕ್ಕೆ ಎರಡು ನಿಮಿಷ ನೋಡಕ್ಕೆ ಗದ್ದೆ ಬೇಕು. ನನಗೆ ಮುನ್ನೂರ ಅರವತ್ತೈದು ದಿನ ಉಣ್ಣಕ್ಕೆ ಬೇಕು."

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದೂ ಗದ್ದೆಯಲ್ಲ, ಗದ್ದೆಯ ಮೇಲಿನ ಅರ್ಧ ಎಕರೆ ಅಡಿಕೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಆ ಮಾತು ಆಡಲಿಲ್ಲ ಅನ್ನುವುದೇ ಅವನ ದೊಡ್ಡತನ. ಎರಡು ತಿಂಗಳು ನಾವು ಸರಿಯಾಗಿ ಮಾತಾಡಲಿಲ್ಲ.

ಆಗ ಒಂದು ವಿಷಯ ತಿಳಿಯಿತು. ಪರದೇಶದಲ್ಲಿರುವ ನಾವು ಊರನ್ನು ಬಿಟ್ಟುಬಂದ ದಿನ ಹೇಗಿತ್ತೋ ಹಾಗೇ ಇಟ್ಟುಕೊಂಡಿರುತ್ತೇವೆ. ಬಣ್ಣ ಮಾಸದ ಹಾಗೆ, ಉಪ್ಪಿನಕಾಯಿ ಭರಣಿಯ ಹಾಗೆ ಮುಚ್ಚಿ. ಹಬ್ಬ ನಮಗೆ ತಪ್ಪಿಹೋಯಿತು ಅಂತ ಕೊರಗುತ್ತೇವೆ. ಅಲ್ಲಿ ಇರುವವರಿಗೂ ಅದು ತಪ್ಪಿಹೋಗುತ್ತಿರಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ಅಣ್ಣನಿಗೂ ಗದ್ದೆ ಹೋಗಿತ್ತು. ಅವನಿಗೆ ಅದರ ಬಗ್ಗೆ ಕೂತು ಅಳಲು ಪಾರ್ಕಿಂಗ್ ಕೂಡ ಇರಲಿಲ್ಲ.

ಹಾಗಾದರೆ ಈ ಸಲ ನಾನು ಪರದೆಯಲ್ಲಿ ನೋಡಿದ ದೊಂದಿ ಯಾರ ಗದ್ದೆಯದು? ಅದು ಮೇಲಿನ ಮನೆಯವರದು. ಅಮ್ಮ ಹಿಂದಿನ ದಿನ ಕೋಲು ಊರಿಕೊಂಡು ಅವರ ಮನೆಗೆ ಹೋಗಿ, ಅಜ್ಜಿ ಕೇಳಿದ ಹಾಗೆಯೇ ಕೇಳಿ ಬಂದಿದ್ದಳು. ಅಮ್ಮನ ಕೈ ಈಗ ನಡುಗುತ್ತದೆ, ಬುಟ್ಟಿಗೆ ಚಿತ್ತಾರ ಬರೆದದ್ದು ಅತ್ತಿಗೆ. ಅವರ ಪೂಜೆ ಆದ ಮೇಲೆ ನಮ್ಮವರ ಎಡೆ. ಅಣ್ಣ ಸುಮ್ಮನೆ ಬುಟ್ಟಿ ಹೊತ್ತು ಹೋದನಂತೆ. ತಿರುಗಿ ಬರುವಾಗ ತನ್ನ ಅಡಿಕೆ ಸಸಿಗಳ ಬುಡಕ್ಕೂ ಒಂದೊಂದು ತುತ್ತು ಅಚ್ಚಂಬಲಿ ಬೀರಿದನಂತೆ. ಇದು ಅತ್ತಿಗೆ ಹೇಳಿದ್ದು. ಅವನು ಹೇಳುವವನಲ್ಲ.

ಆ ದಿನ ಮೀಟಿಂಗ್‌ಗೆ ತಡವಾಗಿ ಹೋದೆ. ಮಧ್ಯಾಹ್ನ ಊಟದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ಏನಾಯಿತು ಅಂತ ಕೇಳಿದರು. ಹಬ್ಬದ ವಿಷಯ ಹೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ, ನಗಲಿಲ್ಲ. ಅವರು ವಿಮ್ಮೆರಾ ಕಡೆಯವರು, ವಿಕ್ಟೋರಿಯಾದ ಪಶ್ಚಿಮಕ್ಕೆ ಗೋಧಿ ಬೆಳೆಯುವ ಸೀಮೆ. ಅಪ್ಪ ರೈತರಂತೆ. "ನಮ್ಮ ಗೋಧಿಯೂ ಈಗ ಅದೇ ಹಂತದಲ್ಲಿದೆ. ಈ ತಿಂಗಳು ನನ್ನ ಅಪ್ಪ ಮನೆಯೊಳಗೆ ನಿಲ್ಲುವುದಿಲ್ಲ. ಹೂಬಿಡುವಾಗ ಒಂದು ರಾತ್ರಿ ಹಿಮ ಬಿದ್ದರೆ ತೆನೆಯೊಳಗೆ ಕಾಳೇ ಇರುವುದಿಲ್ಲ" ಅಂದರು.

ಹನ್ನೊಂದು ವರ್ಷದಿಂದ ನಾನು ಇಲ್ಲಿ ಭತ್ತವನ್ನೇ ಹುಡುಕುತ್ತಿದ್ದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಗೋಧಿ, ಬಾರ್ಲಿ ಬಿತ್ತುತ್ತಾರೆ, ಚಳಿಗಾಲದ ಮಳೆಯಲ್ಲಿ ಅದು ಬೆಳೆಯುತ್ತದೆ, ನವೆಂಬರ್ ದಾಟಿದ ಮೇಲೆ ಕೊಯ್ಲು. ಅಂದರೆ ಆಶ್ವಯುಜ ಹುಣ್ಣಿಮೆಗೆ ಇಲ್ಲಿನ ಭೂಮಿಯೂ ತುಂಬಿದ ಬಸುರಿ. ನಾನು ಜೀಲಾಂಗ್ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಎರಡೂ ಕಡೆ ಹಸಿರು ಕಂಡಾಗ ಹುಲ್ಲು ಅಂದುಕೊಂಡಿದ್ದೆ.

ಶನಿವಾರಕ್ಕೆ ತಯಾರಿ ಶುರುವಾಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಬೆತ್ತದ ಬುಟ್ಟಿಯೊಂದು ಸಿಕ್ಕಿತು. ಸಗಣಿ, ಕೆಮ್ಮಣ್ಣು ಇಲ್ಲ, ಮಗಳ ಶಾಲೆಯ ಇಟ್ಟಿಗೆ ಬಣ್ಣ ಬಳಿದೆವು. ಬಿಳಿಗೆ ಅಕ್ಕಿ ಅರೆದೆ, ಅದಕ್ಕೆ ಯಾವ ದೇಶದಲ್ಲೂ ಅಡ್ಡಿಯಿಲ್ಲ. ಪುಂಡಿ ನಾರಿನ ಬದಲು ಸೆಣಬಿನ ಹುರಿ ಜಜ್ಜಿ ಕುಂಚ ಮಾಡಿದೆವು. ಅಮ್ಮ ವಿಡಿಯೋದಲ್ಲಿ ಕೂತು, "ಅಡ್ಡಗೆರೆ ಮೊದ್ಲು, ಆಮೇಲೆ ಓರೆಗೆರೆ. ಕೈ ಎತ್ತಬೇಡ ಮಗ, ಒಂದೇ ಎಳೆತಕ್ಕೆ ಬರಬೇಕು" ಅಂತ ಮೊಮ್ಮಗಳಿಗೆ ಹೇಳಿಕೊಟ್ಟಳು. ಒಂಬತ್ತು ವರ್ಷದ ಮಗಳು ಭತ್ತದ ಸಸಿ ಬರೆದಳು. ಅದು ತೆಂಗಿನ ಮರದ ಹಾಗೆ ಬಂತು. "ಇರ್ಲಿ, ನಿಮ್ಮಮ್ಮಂದು ಬಾಚಣಿಗೆ ಹಾಗೆ ಬಂದಿತ್ತು" ಅಂದಳು ಅಮ್ಮ. ವಿಯೆಟ್ನಾಂನವರ ಅಂಗಡಿಯಲ್ಲಿ ಫ್ರೀಜರ್‌ನ ಬಾಳೆ ಎಲೆ ಸಿಕ್ಕಿತು. ಅಮಟೆಕಾಯಿ ಇಲ್ಲ, ಹುಣಸೆಹುಳಿ. ಅಚ್ಚಂಬಲಿಗೆ ಸೊಪ್ಪು ಎಣಿಸಿದರೆ ಏಳು ಬಗೆ ಆಯಿತು. ಗುಡ್ಡ ಸುತ್ತಿ ಸೊಪ್ಪು ಕೊಯ್ದು ತರುತ್ತಿದ್ದ ಅಜ್ಜಿ ನೋಡಿದ್ದರೆ ನಗುತ್ತಿದ್ದಳು. ರಾತ್ರಿ ಎರಡು ಗಂಟೆಯವರೆಗೆ ಕಡುಬು ಕಟ್ಟಿದೆ. ಮಗಳು ಅಡುಗೆಮನೆಯ ನೆಲದ ಮೇಲೇ ನಿದ್ದೆ ಹೋದಳು. ನಾನೂ ಹೀಗೇ ಒಲೆಯ ಮುಂದೆ ನಿದ್ದೆ ಹೋಗುತ್ತಿದ್ದೆ.

ಬೆಳಿಗ್ಗೆ ಜೀಲಾಂಗ್ ದಾರಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದೆವು. ಬೇಲಿಯ ಆಚೆ ಕಣ್ಣಿಗೆ ಕಾಣುವಷ್ಟು ದೂರ ಗೋಧಿ. ಗೇಟಿನ ಮೇಲೆ ಒಂದು ಬೋರ್ಡು: ಕೇಳದೆ ಒಳಗೆ ಬರಬೇಡಿ, ಬೂಟಿನ ಮಣ್ಣಿನಲ್ಲಿ ರೋಗ ಬರುತ್ತದೆ, ಮೊದಲು ಈ ನಂಬರಿಗೆ ಫೋನ್ ಮಾಡಿ. ನಾವು ಒಳಗೆ ಹೋಗಲಿಲ್ಲ, ಒಂದು ಅಗುಳನ್ನೂ ಒಳಗೆ ಬೀರಲಿಲ್ಲ. ರಸ್ತೆ ಬದಿಯ ಹುಲ್ಲಿನಲ್ಲಿ, ಬೇಲಿಯ ಈಚೆಗೇ ಬುಟ್ಟಿ ಇಟ್ಟು ಕೈಮುಗಿದೆವು. ಸರ ತೊಡಿಸುವಂತಿರಲಿಲ್ಲ. ಬೇಲಿಗೆ ಒತ್ತಿಕೊಂಡು ಈಚೆ ಬಾಗಿದ್ದ ಒಂದು ತೆನೆಯ ಹತ್ತಿರ ನನ್ನ ಸರವನ್ನು ಕೈಯಲ್ಲೇ ಹಿಡಿದು ನಿಂತೆ. ಮಗಳು, "ಇದರೊಳಗೆ ಮಗು ಇದೆಯಾ?" ಅಂತ ಕೇಳಿದಳು. "ಇದೆ. ಹಾಲು ಕಟ್ಟೋ ಹೊತ್ತು" ಅಂದೆ.

ಕಾಗೆಯ ಎಡೆಯನ್ನು ಬೇಲಿಯ ಕಂಬದ ಮೇಲೆ ಇಟ್ಟೆವು. ಇಲ್ಲಿನ ಕಾಗೆ ನಮ್ಮದಕ್ಕಿಂತ ದೊಡ್ಡದು, ದನಿ ಒರಟು. ಬಹಳ ಹೊತ್ತು ಅನುಮಾನದಿಂದ ನೋಡಿ, ಆಮೇಲೆ ಕಡುಬನ್ನು ಎಲೆ ಸಮೇತ ಎತ್ತಿಕೊಂಡು ಹೋಯಿತು. ಅದೇ ಹೊತ್ತಿಗೆ ಎಲ್ಲಿಂದಲೋ ಮ್ಯಾಗ್‌ಪೈ ಒಂದು ಮಗಳ ತಲೆಗೆ ಎರಗಿತು. ವಸಂತದಲ್ಲಿ ಗೂಡು ಕಾಯುವ ಹಕ್ಕಿ, ಯಾರನ್ನೂ ಬಿಡುವುದಿಲ್ಲ. ಮಗಳು ಖಾಲಿ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ಕಾರಿಗೆ ಓಡಿದಳು. ಭೂಮಣ್ಣಿ ಬುಟ್ಟಿ ಅಂತೂ ತಲೆಯ ಮೇಲೆ ಹೋಯಿತು! ಆಗ ದಾರಿಯಲ್ಲಿ ಹೋಗುತ್ತಿದ್ದ ಟ್ರಕ್ಕಿನವರೊಬ್ಬರು ನಿಧಾನ ಮಾಡಿ, ನಮ್ಮನ್ನು ನೋಡಿ, ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ಮುಂದೆ ಹೋದರು. ಮಣ್ಣಿನಲ್ಲಿ ಹೂಳಬೇಕಾದ ಕಡುಬನ್ನು ಮನೆಗೆ ತಂದು ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಹೂತೆವು.

ಸಂಜೆ ಅಮ್ಮನಿಗೆ ಫೋಟೋ ಕಳಿಸಿದೆ. ಅಣ್ಣನೇ ಫೋನ್ ಮಾಡಿದ. "ಭತ್ತಕ್ಕಿಂತ ಎತ್ತರ ಇದ್ಯಾ? ಹಂದಿ ಬರಲ್ವಾ ಅಲ್ಲಿ?" ಅಂತ ಕೇಳಿದ. ಎರಡು ತಿಂಗಳ ನಂತರ ನಾವಿಬ್ಬರು ಹತ್ತು ನಿಮಿಷ ಬೆಳೆಯ ವಿಷಯ ಮಾತಾಡಿದೆವು. ಆಮೇಲೆ ಅಮ್ಮ ಫೋನ್ ಕಸಿದುಕೊಂಡಳು.

"ಯಾರ ಗದ್ದೆ ಅದು?"

"ಗೊತ್ತಿಲ್ಲಮ್ಮ. ನಾವು ಬೇಲಿ ಈಚೆಗೇ ಇದ್ವಿ."

"ಕೇಳ್ದೇ ಹೋದ್ಯಾ? ನಿಮ್ಮಜ್ಜಿ ಒಂದು ವರ್ಷನೂ ಕೇಳ್ದೇ ಹೋಗಿದ್ದಿಲ್ಲ. ಮುಂದಿನ ಸಲ ಹಿಂದಿನ ದಿನನೇ ಹೋಗಿ ಕೇಳು. ಎರಡು ಕಡುಬು ಅವ್ರಿಗೂ ಕೊಡು."

ಬೋರ್ಡಿನ ಮೇಲೆ ಫೋನ್ ನಂಬರ್ ಇತ್ತು, ನಾನು ಬರೆದುಕೊಂಡಿರಲಿಲ್ಲ. ಕೊಯ್ಲಿಗೆ ಮೊದಲು ಇನ್ನೊಮ್ಮೆ ಆ ದಾರಿಯಲ್ಲಿ ಹೋಗಬೇಕು.